ಲೇಹ್‌ನಿಂದ ಅಗತ್ತಿಗೆ ನಾಲ್ಕು ಗಂಟೆ ಸಾಕೇ?

ಪ್ರಶ್ನೆ: ನಮ್ಮ ಅಳಿಯ ಖಾಸಗಿ ನೌಕರಿಯ ಮೇಲೆ ಲಡಾಖ್‌ನ ಲೇಹ್‌ನಲ್ಲಿದ್ದಾರೆ. ಅಲ್ಲಿಂದ ಲಕ್ಷದ್ವೀಪದ ಅಗತ್ತಿಗೆ ಹೋಗುವವರಿದ್ದಾರೆ. ಅಂತರ್ಜಾಲದಲ್ಲಿ ನೋಡಿದರೆ ದೂರ ಸುಮಾರು 2,650 ಕಿ.ಮೀ., ಅವಧಿ 3 ಗಂಟೆ 50 ನಿಮಿಷ ಎಂದಿದೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಬಹುದೇ?
— ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಮುಟ್ಟಲಾಗದು. ದೂರ ಸರಿಯಾಗಿಯೇ ಇದೆ, ಅವಧಿಯನ್ನು ಮಾತ್ರ ನಂಬಬೇಡಿ. ಇಂಥ ಅಂತರ್ಜಾಲ ತಾಣಗಳು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ಹಿಡಿದು ಭೂಮಿಯ ಮೇಲ್ಮೈಯಲ್ಲಿ ಅತಿ ಹತ್ತಿರದ ದಾರಿ ಎಷ್ಟೆಂದು ಕಂಡುಕೊಂಡು, ಅದನ್ನು ಜೆಟ್ ವಿಮಾನದ ಗಂಟೆಗೆ 800 ಕಿ.ಮೀ. ಆಸುಪಾಸಿನ ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಎಂದು ಅರ್ಧ ಗಂಟೆ ಸೇರಿಸಿಬಿಡುತ್ತವೆ. ಆ ದಾರಿಯಲ್ಲಿ ವಿಮಾನ ಓಡಾಡುತ್ತದೆಯೇ ಎಂಬುದು ಅವುಗಳ ಲೆಕ್ಕಕ್ಕೆ ಬರುವುದೇ ಇಲ್ಲ. ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನೇರ ದೂರ ಸುಮಾರು 445 ಕಿ.ಮೀ. ಬರೀ ಭಾಗಾಕಾರ ಮಾಡಿದರೆ 35 ನಿಮಿಷವೂ ಆಗದು. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಹೆಚ್ಚು ಇರುತ್ತದೆ, ಏಕೆಂದರೆ ವಿಮಾನ ಇಲ್ಲಿ ನಿಂತ ಜಾಗದಿಂದ ಕದಲಿದಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಹೊತ್ತನ್ನೆಲ್ಲ ಅದರಲ್ಲಿ ಹಿಡಿದಿರುತ್ತಾರೆ.

ನಿಮ್ಮ ಅಳಿಯಂದಿರ ದಾರಿಯ ತೊಡಕು ಇದಕ್ಕಿಂತ ದೊಡ್ಡದು. ಲೇಹ್ ನಿಲ್ದಾಣ ಸಮುದ್ರಮಟ್ಟದಿಂದ 3,250 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ವಿಮಾನ ಮೇಲೇಳಲು ಹೆಚ್ಚು ಓಟ ಬೇಕು, ಹೊರುವ ಭಾರವನ್ನೂ ತಗ್ಗಿಸಬೇಕು. ಮಧ್ಯಾಹ್ನವಾಯಿತೆಂದರೆ ಕಣಿವೆಯಲ್ಲಿ ಗಾಳಿ ಜೋರಾಗುವುದರಿಂದ ಹೆಚ್ಚಿನ ವಿಮಾನಗಳು ಬೆಳಿಗ್ಗೆಯೇ ಬಂದು ಹೋಗುತ್ತವೆ. ಅಗತ್ತಿಯ ಕಥೆ ಬೇರೆ. ಕಿರಿದಾದ ಆ ದ್ವೀಪದ ತುದಿಯಲ್ಲಿ ಸಮುದ್ರದ ನಡುವೆ ಚಾಚಿಕೊಂಡಿರುವ ರನ್‌ವೇ ಸುಮಾರು 1,200 ಮೀಟರ್ ಮಾತ್ರ. ಲೇಹ್‌ಗೆ ಬರುವ ದೊಡ್ಡ ಜೆಟ್ ಅಲ್ಲಿ ಇಳಿಯಲಾರದು. ಅಲ್ಲಿ ಇಳಿಯುವ ಎಟಿಆರ್‌ನಂಥ ಪಂಖದ ವಿಮಾನವೋ, ಪ್ರಯಾಣಿಕರನ್ನು ತುಂಬಿಕೊಂಡು ಒಂದೇ ಏಟಿಗೆ 2,650 ಕಿ.ಮೀ. ಹಾರಲಾರದು. ಅಂದರೆ ನೀವು ನೋಡಿದ ಅವಧಿ ಆ ದಾರಿಯಲ್ಲಿ ಹಾರಲಾಗದ ವಿಮಾನದ್ದು.

ಹಾಗಾಗಿ ಅವರು ದೆಹಲಿ, ಕೊಚ್ಚಿಯಂಥ ಊರುಗಳ ಮೇಲಿಂದ ಹೋಗಬೇಕು. ಲೇಹ್‌ನಿಂದ ದೆಹಲಿಗೆ ಸುಮಾರು 620, ಅಲ್ಲಿಂದ ಕೊಚ್ಚಿಗೆ 2,050, ಕೊಚ್ಚಿಯಿಂದ ಅಗತ್ತಿಗೆ 465 ಕಿ.ಮೀ.; ಕೂಡಿಸಿದರೆ 3,100 ದಾಟುತ್ತದೆ. ವಿಮಾನದೊಳಗೆ ಕೂರುವುದೇ ಆರು ಗಂಟೆಯ ಮಾತು, ನಡುವೆ ಕಾಯುವುದು ಬೇರೆ. ಕೊಚ್ಚಿಯಲ್ಲಿ ಒಂದು ರಾತ್ರಿ ತಂಗಿ ಮರುದಿನ ಅಗತ್ತಿಯ ವಿಮಾನ ಹಿಡಿಯುವುದೇ ಲೇಸು. ಮೂರೂ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡರೆ, ಲೇಹ್‌ನಲ್ಲಿ ಹವೆ ಕೆಟ್ಟು ಮೊದಲನೆಯದು ತಪ್ಪಿದಾಗ ಉಳಿದವುಗಳ ಹಣವೂ ಹೋಗುವ ಸಂಭವವಿದೆ. ಲಕ್ಷದ್ವೀಪಕ್ಕೆ ಹೊರಗಿನವರಿಗೆ ಪ್ರವೇಶ ಪರವಾನಗಿಯೂ ಬೇಕು. ಟಿಕೆಟ್‌ಗೆ ಹಣ ಕಟ್ಟುವ ಮೊದಲು ಅದನ್ನು ಕೈಗೆ ತೆಗೆದುಕೊಳ್ಳಲು ಅವರಿಗೆ ತಿಳಿಸಿರಿ.