ಏಳು ತಿಂಗಳಲ್ಲಿ 14 ಸೆಕೆಂಡು: ಅನುಮಾನಪಡಬಹುದೇ?

ನೀವು ಕೇಳಿದ್ದು ಇಷ್ಟು. ನಿಮ್ಮ ತಂಗಿ 16 ವರ್ಷದೊಳಗಿನವರ 1500 ಮೀಟರ್ ಓಡುತ್ತಾಳೆ. ಕಳೆದ ವರ್ಷ ಅವಳ ಹಿಂದೆ ಬರುತ್ತಿದ್ದ ಹುಡುಗಿ ಏಳೇ ತಿಂಗಳಲ್ಲಿ 5 ನಿಮಿಷ 6 ಸೆಕೆಂಡಿನಿಂದ 4 ನಿಮಿಷ 52 ಸೆಕೆಂಡಿಗೆ ಬಂದಿದ್ದಾಳೆ. ಮೈದಾನದಲ್ಲಿ ಎಲ್ಲರ ಬಾಯಲ್ಲೂ ‘ಮದ್ದು’ ಎಂಬ ಮಾತು, ಅಂದರೆ ಓಟ ಚುರುಕಾಗಲು ಕದ್ದು ತೆಗೆದುಕೊಳ್ಳುವ ನಿಷೇಧಿತ ಔಷಧಿ. ತಂಗಿ ಓಟವನ್ನೇ ಬಿಡುತ್ತೇನೆ ಅನ್ನುತ್ತಿದ್ದಾಳೆ. ಮದ್ದಿಲ್ಲದೆ ಇಷ್ಟು ಬೇಗ ಟೈಮಿಂಗ್ ಇಳಿಯಲು ಸಾಧ್ಯವೇ?

ಸಾಧ್ಯ. ಆ ವಯಸ್ಸಿನಲ್ಲಿ, ಆ ಟೈಮಿಂಗ್‌ನಲ್ಲಿ ಖಂಡಿತ ಸಾಧ್ಯ.

ನಾನು ವಿಶ್ವವಿದ್ಯಾಲಯದ ತಂಡಕ್ಕೆ 1500 ಓಡಿದವನು. ಈಗ ಹದಿಮೂರು ವರ್ಷದಿಂದ ಮೈಸೂರಿನಲ್ಲಿ ಬೆಳಗಿನ ಹೊತ್ತು ಶಾಲೆಯ ಮಕ್ಕಳನ್ನು ಓಡಿಸುತ್ತಿದ್ದೇನೆ. ಮೂರು ವರ್ಷದ ಕೆಳಗೆ ಒಬ್ಬ ಹುಡುಗಿ ಬರುತ್ತಿದ್ದಳು. ಎರಡನೇ ಲ್ಯಾಪಿಗೇ ಮುಖ ಬಿಳಿಚಿಕೊಳ್ಳುತ್ತಿತ್ತು. ಮನಸ್ಸಿಟ್ಟು ಓಡುತ್ತಿಲ್ಲ ಎಂದು ನಾನು ಗದರಿದ್ದೂ ಉಂಟು, ಅದು ಇವತ್ತಿಗೂ ಚುಚ್ಚುತ್ತದೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.9 ಇತ್ತು. ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಮನೆಯಲ್ಲಿ ಊಟ ಬದಲಾಯಿತು. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 12 ದಾಟಿತು, 1500ರ ಟೈಮಿಂಗ್ 21 ಸೆಕೆಂಡು ಇಳಿಯಿತು. ಮುಂದಿನ ಮೀಟ್‌ನಲ್ಲಿ ಅವಳ ಬಗ್ಗೆಯೂ ಇದೇ ಪಿಸುಮಾತು ಎದ್ದಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಟ್ರ್ಯಾಕ್ ಮೇಲೆ ಕಾಣುವ ಎಷ್ಟೋ ‘ದಿಢೀರ್ ಸುಧಾರಣೆ’ಗಳ ಹಿಂದೆ ಇರುವುದು ಸರಿಯಾದ ಊಟ, ನಿದ್ದೆ ಮತ್ತು ಒಂದು ಮಾತ್ರೆ.

ಮಧ್ಯಮ ದೂರದ ಓಟದಲ್ಲಿ ಮದ್ದು ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಸ್ನಾಯುಗಳಿಗೆ ಆಮ್ಲಜನಕ ಹೊತ್ತೊಯ್ಯುವುದು ಕೆಂಪು ರಕ್ತಕಣ. ಅದನ್ನು ಹೆಚ್ಚು ತಯಾರಿಸು ಎಂದು ಮೂಳೆಮಜ್ಜೆಗೆ ಹೇಳುವ ಹಾರ್ಮೋನು ಇಪಿಓ, ಮೂತ್ರಪಿಂಡದಲ್ಲಿ ತಾನಾಗಿಯೇ ಹುಟ್ಟುವಂಥದ್ದು. ಅದರ ಕೃತಕ ರೂಪವನ್ನು ಚುಚ್ಚಿಕೊಂಡರೆ, ನನ್ನ ಹುಡುಗಿಗೆ ಕಬ್ಬಿಣ ಮಾಡಿದ ಉಪಕಾರವನ್ನು ಯಾವ ಕೊರತೆಯೂ ಇಲ್ಲದ ದೇಹದಲ್ಲಿ ಕದ್ದು ಮಾಡಿಸಿಕೊಂಡಂತೆ. ರಕ್ತ ಮಂದವಾಗಿ ಹೃದಯಕ್ಕೆ ಅಪಾಯ ಬರುವುದು ಬೇರೆ.

ಹಾಗಾದರೆ ಅನುಮಾನ ಎಲ್ಲಿ ಶುರುವಾಗಬೇಕು? ಇಳಿದ ಸೆಕೆಂಡು ಎಷ್ಟು ಎಂಬುದಕ್ಕಿಂತ ಎಲ್ಲಿಂದ ಇಳಿಯಿತು ಎಂಬುದನ್ನು ನೋಡಿ. 5:06ರಿಂದ 4:52 ಎಂದರೆ ಬೆಳೆಯುವ ಮಗು ಮೆಟ್ಟಿಲು ಹತ್ತಿದಂತೆ. 4:10ರ ಕೆಳಗೆ ಹೋದ ಮೇಲೆ ಮೂರು ಸೆಕೆಂಡು ಎಂದರೆ ಒಂದು ವರ್ಷದ ದುಡಿಮೆ. ಅಲ್ಲಿ ಯಾರಾದರೂ ಒಂದೇ ವರ್ಷದಲ್ಲಿ ಹತ್ತು ಹದಿನೈದು ಸೆಕೆಂಡು ಉದುರಿಸಿದರೆ ನಾನೂ ಹುಬ್ಬೇರಿಸುತ್ತೇನೆ.

ನನಗೆ ಈ ವ್ಯತ್ಯಾಸ ಮನಸ್ಸಿಗೆ ನಾಟಿದ್ದು 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳೆಯರ 1500 ಫೈನಲ್‌ನಿಂದ. ಆಗಸ್ಟ್ 10ರಂದು ನಡೆದ ಆ ಓಟವನ್ನು ರಾತ್ರಿ ಎದ್ದು ಕೂತು ನೋಡಿದ್ದೆ. ಟರ್ಕಿಯ ಅಸ್ಲಿ ಚಾಕಿರ್ ಆಲ್ಪ್‌ಟೆಕಿನ್ 4:10.23ರಲ್ಲಿ ಚಿನ್ನ ಗೆದ್ದಳು, ಅದೇ ದೇಶದ ಗಮ್ಜೆ ಬುಲುತ್ ಬೆಳ್ಳಿ. ಬುಲುತ್‌ಗೆ ಇನ್ನೂ ಇಪ್ಪತ್ತರ ವಯಸ್ಸು, ಹಿಂದಿನ ವರ್ಷ ಅವಳ ಅತ್ಯುತ್ತಮ ಸಮಯ 4:18ರ ಆಸುಪಾಸು, ಆ ವರ್ಷ 4:01. ಹದಿನೇಳು ಸೆಕೆಂಡು! ಆಲ್ಪ್‌ಟೆಕಿನ್ 2004ರಲ್ಲಿ ಜೂನಿಯರ್ ಆಗಿದ್ದಾಗಲೇ ಸಿಕ್ಕಿಬಿದ್ದು ಎರಡು ವರ್ಷ ನಿಷೇಧ ಅನುಭವಿಸಿದವಳು. ಹತ್ತನೆಯವಳಾಗಿ ಬಂದ ಬ್ರಿಟನ್ನಿನ ಲೀಸಾ ಡೊಬ್ರಿಸ್ಕಿ, 2009ರ ವಿಶ್ವ ಚಾಂಪಿಯನ್‌ಷಿಪ್‌ನ ಬೆಳ್ಳಿ ವಿಜೇತೆ, ಓಟ ಮುಗಿದ ಕೂಡಲೇ ಇಲ್ಲಿ ಎಲ್ಲರೂ ಸಮನಾದ ನೆಲದ ಮೇಲೆ ಓಡುತ್ತಿದ್ದಾರೆ ಎಂದು ತನಗನ್ನಿಸುವುದಿಲ್ಲ ಎಂದಳು. ಅವತ್ತು ನನಗೆ ಅದು ಸೋತವಳ ಸಂಕಟದ ಮಾತಾಗಿ ಕೇಳಿಸಿತ್ತು. ಅವಳು ಹೇಳಿದ್ದೇ ನಿಜವಾಯಿತು. ಮೊದಲ ಒಂಬತ್ತು ಜನರಲ್ಲಿ ಐವರ ಫಲಿತಾಂಶ ಒಂದೊಂದಾಗಿ ರದ್ದಾಯಿತು: ಒಂದು, ಎರಡು, ನಾಲ್ಕು, ಏಳು, ಒಂಬತ್ತನೇ ಸ್ಥಾನದವರು. ಮೂರನೆಯವಳಾಗಿ ಬಂದ ಬಹರೇನಿನ ಮರಿಯಮ್ ಯೂಸುಫ್ ಜಮಾಲ್‌ಗೆ ಚಿನ್ನ ಹೋಯಿತು. ನಾಲ್ಕನೆಯ ರಷ್ಯಾದ ತಾತ್ಯಾನಾ ತೊಮಾಶೊವಾಳ ಪ್ರಕರಣ ತೀರ್ಮಾನವಾದದ್ದು 2024ರಲ್ಲಿ. ಆರನೆಯವಳಾಗಿ ಗುರಿ ಮುಟ್ಟಿದ್ದ ಅಮೆರಿಕದ ಶಾನನ್ ರೌಬರಿಗೆ ಕಂಚು ತನ್ನದು ಎಂದು ತಿಳಿಯಲು ಹನ್ನೆರಡು ವರ್ಷ ಬೇಕಾಯಿತು. ಆ ಹೊತ್ತಿಗೆ 1500ರಲ್ಲಿ ಒಲಿಂಪಿಕ್ ಪದಕ ಗೆದ್ದ ಮೊದಲ ಅಮೆರಿಕನ್ ಮಹಿಳೆ ಎಂಬ ಗೌರವ 2016ರ ರಿಯೋದಲ್ಲಿ ಜೆನ್ನಿ ಸಿಂಪ್ಸನ್ ಪಾಲಾಗಿತ್ತು. ಸ್ಟೇಡಿಯಂ ತುಂಬ ಜನ ಎದ್ದು ಚಪ್ಪಾಳೆ ತಟ್ಟುವ ಆ ಒಂದು ಸಂಜೆಯನ್ನು ರೌಬರಿಗೆ ಈಗ ಯಾರು ತಂದುಕೊಡುತ್ತಾರೆ?

ಆ ಓಟದ ಗೆಲುವಿನ ಸಮಯವನ್ನು ಮತ್ತೊಮ್ಮೆ ನೋಡಿ, 4:10. ಒಲಿಂಪಿಕ್ ಫೈನಲ್ಲಿಗೆ ಅದು ನಿಧಾನ. ನಮ್ಮ ಸುನೀತಾ ರಾಣಿ 2002ರಲ್ಲೇ 4:06.03 ಓಡಿದ್ದರು. ಎಲ್ಲರೂ ಗುಂಪಾಗಿ ಕಾದು ಕೊನೆಯಲ್ಲಿ ಮಾತ್ರ ವೇಗ ಏರಿಸುವ ಓಟದಲ್ಲಿ ಗಡಿಯಾರ ಏನನ್ನೂ ಹೇಳುವುದಿಲ್ಲ. ಆಲ್ಪ್‌ಟೆಕಿನ್ ಸಿಕ್ಕಿದ್ದು ಗಡಿಯಾರದಿಂದಲೂ ಅಲ್ಲ, ಮೂತ್ರದಲ್ಲಿ ಮದ್ದು ಕಂಡದ್ದರಿಂದಲೂ ಅಲ್ಲ, ಜೈವಿಕ ಪಾಸ್‌ಪೋರ್ಟ್‌ನಿಂದ. 2009ರಿಂದ ಬಂದ ಈ ಪದ್ಧತಿಯಲ್ಲಿ ಒಬ್ಬ ಓಟಗಾರನ ರಕ್ತವನ್ನು ವರ್ಷಗಟ್ಟಲೆ ಅವನದೇ ಹಳೆಯ ರಕ್ತದ ಜೊತೆ ಹೋಲಿಸುತ್ತಾರೆ. ಇಪಿಓ ಚುಚ್ಚಿಕೊಳ್ಳುವಾಗ ಎಳೆಯ ಕೆಂಪುಕಣಗಳು ಏರುತ್ತವೆ. ನಿಲ್ಲಿಸಿದ ಮೇಲೆ, ಇನ್ನು ಸಾಕು ಎಂದು ದೇಹ ತನ್ನ ತಯಾರಿಯನ್ನು ತಗ್ಗಿಸುತ್ತದೆ. ಆಗ ಹಿಮೋಗ್ಲೋಬಿನ್ ಮೇಲಿರುತ್ತದೆ, ಎಳೆಯ ಕಣಗಳು ತಳಕ್ಕೆ ಇಳಿದಿರುತ್ತವೆ. ಸಹಜವಾಗಿ ಈ ಎರಡೂ ಹೀಗೆ ಜೊತೆಗೆ ಬರುವುದು ಬಲು ಅಪರೂಪ. 2015ರಲ್ಲಿ ಆಲ್ಪ್‌ಟೆಕಿನ್‌ಗೆ ಎಂಟು ವರ್ಷ ನಿಷೇಧವಾಯಿತು, 2010ರ ಜುಲೈ ಕೊನೆಯಿಂದಾಚೆಗಿನ ಫಲಿತಾಂಶಗಳೆಲ್ಲ ಹೋದವು.

ಇದನ್ನು ಓದಿ ‘ಅನುಮಾನಪಟ್ಟವರೇ ಸರಿ’ ಎಂದು ತೀರ್ಮಾನಿಸಬೇಡಿ. ಈಗ ಹೇಳಿದ ಸುನೀತಾ ರಾಣಿಯ ಕಥೆಯನ್ನೇ ಕೇಳಿ. 2002ರ ಬುಸಾನ್ ಏಷ್ಯನ್ ಗೇಮ್ಸ್‌ನಲ್ಲಿ ಆ 4:06.03ರ ಓಟಕ್ಕೆ ಚಿನ್ನ, 5000ದಲ್ಲಿ ಕಂಚು. ಬೆನ್ನಿಗೇ ನ್ಯಾಂಡ್ರೊಲೋನ್ ಎಂಬ ಸ್ನಾಯು ಬೆಳೆಸುವ ಮದ್ದು ಸಿಕ್ಕಿತೆಂದು ಎರಡೂ ಪದಕ ಕಿತ್ತುಕೊಂಡರು. ಆಮೇಲೆ ಲೋಪವಿದ್ದದ್ದು ಪ್ರಯೋಗಾಲಯದ ಪರೀಕ್ಷೆಯಲ್ಲೇ ಎಂದು ತಿಳಿದು, ಮರುವರ್ಷ ಪದಕಗಳನ್ನು ವಾಪಸು ಕೊಟ್ಟರು. 4:06.03ರ ಆ ರಾಷ್ಟ್ರೀಯ ದಾಖಲೆ 2021ರಲ್ಲಿ ಹರ್ಮಿಲನ್ ಬೈನ್ಸ್ ವಾರಂಗಲ್‌ನಲ್ಲಿ 4:05.39 ಓಡುವವರೆಗೆ ಹತ್ತೊಂಬತ್ತು ವರ್ಷ ನಿಂತಿತ್ತು. ಇನ್ನೊಬ್ಬ, ಟೋಕಿಯೋ ಒಲಿಂಪಿಕ್ಸ್‌ನ 800ರಲ್ಲಿ ನಾಲ್ಕನೆಯವನಾದ ಆಸ್ಟ್ರೇಲಿಯಾದ ಪೀಟರ್ ಬೋಲ್. 2023ರ ಜನವರಿಯಲ್ಲಿ ಅವನ ‘ಎ’ ಮಾದರಿಯಲ್ಲಿ ಕೃತಕ ಇಪಿಓ ಕಂಡಿತೆಂದು ಅಮಾನತು ಮಾಡಿದರು. ಮರುಪರೀಕ್ಷೆಗೆಂದು ಎತ್ತಿಟ್ಟ ‘ಬಿ’ ಮಾದರಿ ಅದನ್ನು ಖಚಿತಪಡಿಸಲಿಲ್ಲ, ಆಗಸ್ಟ್‌ನಲ್ಲಿ ಪ್ರಕರಣವನ್ನೇ ಕೈಬಿಟ್ಟರು. ಪ್ರಯೋಗಾಲಯಕ್ಕೇ ಇಷ್ಟು ತಪ್ಪುವುದಾದರೆ ಗ್ಯಾಲರಿಯಲ್ಲಿ ಕೂತು ಸ್ಟಾಪ್‌ವಾಚ್ ಹಿಡಿದ ನಮಗೆ ಎಷ್ಟು ತಪ್ಪಬಹುದು?

ಹಾಗಂತ ನಮ್ಮಲ್ಲಿ ಮದ್ದೇ ಇಲ್ಲ ಎಂದು ನಿಮಗೆ ಸಮಾಧಾನ ಹೇಳಲಾರೆ. 2023ರಲ್ಲಿ ಭಾರತ ಪರೀಕ್ಷಿಸಿದ 5606 ಮಾದರಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾಸಿಟಿವ್, ಹೆಚ್ಚು ಪರೀಕ್ಷೆ ಮಾಡುವ ದೇಶಗಳ ಪೈಕಿ ಅತಿ ಕೆಟ್ಟ ಪ್ರಮಾಣ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿಯ ರಾಜ್ಯ ಕೂಟಕ್ಕೆ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಅಧಿಕಾರಿಗಳು ಬಂದಿದ್ದಾರೆಂದು ಗೊತ್ತಾಗಿ 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ. ಜೂನಿಯರ್ ಸ್ಟೀಪಲ್‌ಚೇಸ್ ಓಡಿದ ಹುಡುಗಿಯೊಬ್ಬಳು ಗುರಿ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು, ಮಾದರಿ ಪಡೆಯಲು ಬಂದವರು ಅವಳ ಬೆನ್ನು ಹತ್ತಬೇಕಾಯಿತು. ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಜೂನಿಯರ್ ಹುಡುಗಿಗೆ ಆ ಮದ್ದನ್ನು ಕೊಟ್ಟವರು ಯಾರು? ಅವಳೇ ಅಂಗಡಿಗೆ ಹೋಗಿ ತಂದಿರುತ್ತಾಳೆಯೇ?

ನಾನು ಓಡುತ್ತಿದ್ದ ಕಾಲದಲ್ಲಿ ಒಂದು ಹಾಸ್ಟೆಲಿನ ರೂಮಿನಲ್ಲಿ ‘ವಿಟಮಿನ್ ಇಂಜೆಕ್ಷನ್’ ಎಂದು ಕೊಡುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸೀಸೆಯ ಮೇಲಿನ ಚೀಟಿ ಕಿತ್ತಿರುತ್ತಿತ್ತು. ನನ್ನ ರೂಮ್‌ಮೇಟ್ ಅದನ್ನು ತೆಗೆದುಕೊಂಡ. ನೌಕರಿಗೆ ಸ್ಪೋರ್ಟ್ಸ್ ಕೋಟಾ ಬೇಕಿತ್ತು, ಮನೆಯಲ್ಲಿ ಇಬ್ಬರು ತಂಗಿಯರಿದ್ದರು. ಅದರೊಳಗೆ ಏನಿದೆ ಎಂದು ಕೇಳುವ ಧೈರ್ಯ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಈಗ ಯಾರದಾದರೂ ಟೈಮಿಂಗ್ ಧುಮುಕಿದರೆ ನಾನು ಮೊದಲು ಹುಡುಕುವುದು ಕಾರಣವನ್ನು. 400ರಿಂದ ಹೊಸದಾಗಿ 1500ಕ್ಕೆ ಬಂದವರೇ? ಮಣ್ಣಿನ ಟ್ರ್ಯಾಕ್‌ನಿಂದ ಸಿಂಥೆಟಿಕ್‌ಗೆ ಹೋದರೇ? 2020ರ ಆಸುಪಾಸಿನಿಂದ ಬಂದಿರುವ ಹೊಸ ಫೋಮ್‌ನ ಸ್ಪೈಕ್ಸ್ (ಮೊಳೆಯಿರುವ ಓಟದ ಬೂಟು) ಹಾಕಿದರೂ ಕೆಲವು ಸೆಕೆಂಡು ಸಿಗುತ್ತದೆ. ಊಟಿಯಲ್ಲಿ ಕ್ಯಾಂಪ್ ಮಾಡಿ ಬಂದವರಿಗೆ ರಕ್ತವೇ ಸುಧಾರಿಸಿರುತ್ತದೆ, ಅದು 2200 ಮೀಟರಿಗೂ ಎತ್ತರದ ಊರು, ಆಮ್ಲಜನಕ ಕಡಿಮೆಯಿರುವಲ್ಲಿ ದೇಹ ತಾನಾಗಿಯೇ ಕೆಂಪುಕಣ ಹೆಚ್ಚಿಸಿಕೊಳ್ಳುತ್ತದೆ. (ಮಡಿಕೇರಿಯಲ್ಲಿ ಹದಿನೈದು ದಿನ ಇದ್ದು ಬಂದೆ, ಅದಕ್ಕೇ ಇಳಿಯಿತು ಅಂದರೆ ನಾನು ಒಪ್ಪುವುದಿಲ್ಲ, ಆ ಎತ್ತರ ಸಾಲದು.) ಯಾವ ಕಾರಣವೂ ಸಿಗದೆ, ಸೆಲೆಕ್ಷನ್ ಮೀಟ್‌ನಲ್ಲಿ ಮಾತ್ರ ಮಿಂಚಿ, ಪರೀಕ್ಷೆ ಇರುವ ದೊಡ್ಡ ಕೂಟಕ್ಕೆ ಪ್ರತಿ ಸಲ ‘ಗಾಯ’ ಎಂದು ಬರದಿದ್ದರೆ, ಅದರಲ್ಲೂ ಒಬ್ಬನೇ ಕೋಚ್ ಕೈಕೆಳಗಿನ ನಾಲ್ಕಾರು ಮಕ್ಕಳು ಒಟ್ಟಿಗೆ ಹೀಗಾದರೆ, ಆಗ ನನಗೆ ಭಯವಾಗುತ್ತದೆ.

ನಿಮ್ಮ ತಂಗಿಗೆ ಎರಡು ಮಾತು. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ಪರೀಕ್ಷೆ ಮಾಡಿಸಿ, ಕೊರತೆಯಿದ್ದು ಅದು ಸರಿಹೋದರೆ ಅವಳ ಟೈಮಿಂಗೂ ಇಳಿಯಬಹುದು. ಯಾರೇ ಡಬ್ಬಿಯ ಪುಡಿ ಕೊಟ್ಟರೂ ಬೇಡ ಎನ್ನಲಿ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನ ಹರ್ಡಲ್ಸ್ ಚಿನ್ನ ಗೆದ್ದ ಮರುವರ್ಷವೇ ಸಿಕ್ಕಿಬಿದ್ದಾಗ, ತಂಡಕ್ಕೆ ಕೊಟ್ಟ ಜಿನ್‌ಸೆಂಗ್ ಎಂಬ ಗಿಡಮೂಲಿಕೆಯಲ್ಲಿ ಮದ್ದು ಬೆರೆತಿತ್ತು ಎಂದು ವಾದಿಸಿದ್ದರು. ಆದರೂ ನಿಷೇಧ ತಪ್ಪಲಿಲ್ಲ, ಕೊನೆಗೆ ಅದು ಎರಡು ವರ್ಷವಾಯಿತು. ದೇಹದೊಳಗೆ ಹೋದದ್ದಕ್ಕೆ ಓಟಗಾರರೇ ಹೊಣೆ ಎಂಬುದು ನಿಯಮ.

ಆ ಇನ್ನೊಬ್ಬ ಹುಡುಗಿಯ ವಿಷಯ. ತಂಗಿಗೆ ಹೇಳಿ, ಮುಂದಿನ ಮೀಟ್‌ನಲ್ಲಿ ಅವಳ ಜೊತೆ ವಾರ್ಮ್‌ಅಪ್ ಮಾಡಲಿ, ಏನು ಬದಲಾಯಿಸಿದೆ ಎಂದು ನೇರವಾಗಿ ಕೇಳಲಿ. ಹೊಸ ಕೋಚ್, ಹಾಸ್ಟೆಲ್ ಊಟ, ಬೆಳಗಿನ ಜೊತೆಗೆ ಸಂಜೆಯ ಓಟ, ಇಂಥದ್ದೇನಾದರೂ ಬರಬಹುದು. ಆಗ ತಂಗಿಗೂ ದಾರಿ ಸಿಕ್ಕಿದಂತೆ. ‘ಸರ್ ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ’ ಎಂದು ಬಂದರೆ ಮೈದಾನದಲ್ಲಿ ಯಾರಿಗೂ ಹೇಳಬೇಡಿ. ಮೊದಲು ಅವಳ ಅಪ್ಪ ಅಮ್ಮನನ್ನು ಕಂಡು ಮಾತಾಡಿ, ಆಮೇಲೆ ನಾಡಾಗೆ ಗುಟ್ಟಾಗಿ ತಿಳಿಸಿ. ಆ ಮಗುವಿಗೂ ಹದಿನೈದೇ ವರ್ಷ.