ಹನ್ನೊಂದು ಟೈಮ್‌ಟೇಬಲ್

ಜನವರಿ ಬಂತೆಂದರೆ ಆಪ್ತಸಮಾಲೋಚಕಿಯಾದ ನನ್ನ ಬಳಿ ‘ಮಗುವಿಗೆ ಓದೋ ಮನಸ್ಸೇ ಇಲ್ಲ’ ಎಂಬ ಪ್ರಕರಣಗಳು ಸಾಲುಗಟ್ಟುತ್ತವೆ, ಅದಕ್ಕೇ ಅಂಥದ್ದೊಂದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ದ್ವಿತೀಯ ಪಿಯು, ವಿಜ್ಞಾನ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳು. "ಓದೋ ಮನಸ್ಸೇ ಇಲ್ಲ ಇವಳಿಗೆ. ಮೊಬೈಲ್ ಕಿತ್ಕೊಂಡೂ ನೋಡಿದ್ದಾಯ್ತು" ಅಂತ ಅಪ್ಪ ಕರೆತಂದಿದ್ದರು. ನಿದ್ದೆ, ಊಟ, ಗೆಳತಿಯರ ಒಡನಾಟ ವಿಚಾರಿಸಿದೆ; ಎಲ್ಲ ಸರಿಯಿತ್ತು. (ಇವು ವಾರಗಟ್ಟಲೆ ಕೆಟ್ಟಿದ್ದರೆ ಅದನ್ನು ಓದಿನ ಸೋಮಾರಿತನ ಅಂದುಕೊಳ್ಳಬೇಡಿ. ವೈದ್ಯರನ್ನು ಕಾಣಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.)

ಎರಡನೇ ಭೇಟಿಗೆ ಭೌತಶಾಸ್ತ್ರದ ಪುಸ್ತಕ ತರಲು ಹೇಳಿದ್ದೆ. ಮೇಜಿನ ಮೇಲೆ ಮುಚ್ಚಿಟ್ಟಿದ್ದ ಪುಸ್ತಕದ ಅಂಚು ಕಣ್ಣಿಗೆ ಬಿತ್ತು. ಭಾಗ 1ರ ಮೊದಲ ನಲವತ್ತು ಪುಟಗಳ ಅಂಚು ಬೆರಳಾಡಿ ಕಂದಿತ್ತು, ಉಳಿದದ್ದು ಬೆಳ್ಳಗೆ. ಭಾಗ 2 ತೆರೆದರೆ ಇನ್ನೂ ಅಂಗಡಿಯ ವಾಸನೆ.

"ಮೊದಲನೇ ಪಾಠ ಎಷ್ಟು ಸಲ ಓದಿದ್ದೀಯಮ್ಮಾ?"

ನೋಟ್‌ಬುಕ್ಕಿನ ಹಿಂಬದಿ ತಿರುಗಿಸಿ ತೋರಿಸಿದಳು. ಸ್ಕೆಚ್ ಪೆನ್ನಿನಲ್ಲಿ ಬರೆದ ಟೈಮ್‌ಟೇಬಲ್‌ಗಳು; ಗಣಿತಕ್ಕೆ ಹಸಿರು, ಕೆಮಿಸ್ಟ್ರಿಗೆ ಕೆಂಪು. ಜೂನ್‌ನಿಂದ ಹನ್ನೊಂದು. ಹನ್ನೊಂದೂ ಶುರುವಾಗುವುದು ಸೋಮವಾರ ಬೆಳಿಗ್ಗೆ ಐದಕ್ಕೆ, ವಿದ್ಯುದಾವೇಶದ ಪಾಠದಿಂದ.

"ಬುಧವಾರ ಯಾವುದೋ ಒಂದು ತಪ್ಪುತ್ತೆ ಮೇಡಂ. ಆಮೇಲೆ ಆ ಹಾಳೆ ನೋಡಿದ್ರೇನೇ ಯಾರೋ ಬೈದ ಹಾಗಾಗುತ್ತೆ. ಮುಂದಿನ ಸೋಮವಾರ ಮೊದಲಿಂದ ಶುರು ಮಾಡೋಣ ಅಂದ್ಕೋತೀನಿ. ಹೊಸದು ಬರೆದ ದಿನ ಮಾತ್ರ ನೆಮ್ಮದಿ."

ಮನಸ್ಸಿಲ್ಲದ ಹುಡುಗಿ ಹನ್ನೊಂದು ಸಲ ಸ್ಕೇಲ್ ಹಿಡಿದು ಗೆರೆ ಹಾಕುತ್ತಾಳೆಯೇ? ತಪ್ಪಿದ ಜಾಗದಿಂದಲೇ ಮತ್ತೆ ಎತ್ತಿಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ.

ಪರೀಕ್ಷೆ ಮುಗಿಯುವವರೆಗೆ ಟೈಮ್‌ಟೇಬಲ್ ಬರೆಯಕೂಡದು ಎಂದೆ. ಓದಿ ಮುಗಿಸಿದ ಮೇಲೆ, ಏನು ಓದಿದೆ ಅಂತ ಒಂದೇ ಸಾಲು, ನೀಲಿ ಪೆನ್ನಿನಲ್ಲಿ. ತಪ್ಪಿದ ದಿನದ ಸಾಲು ಖಾಲಿ ಇರಲಿ. ಮರುದಿನ ಬಿಟ್ಟ ಪುಟದಿಂದಲೇ ಮುಂದಕ್ಕೆ. ಶುರು ಮಾತ್ರ ಭಾಗ 2ರ ಕೊನೆಯ ಪಾಠ, ಅರೆವಾಹಕಗಳಿಂದ. ಆ ಪುಟಗಳಲ್ಲಿ ಅವಳು ಇನ್ನೂ ಸೋತಿರಲಿಲ್ಲ.

"ಜನವರಿಯಲ್ಲಿ ಟೈಮ್‌ಟೇಬಲ್ ಬಿಡಿಸ್ತೀರಲ್ಲ ಮೇಡಂ!" ಎಂದು ಅವಳ ಉಪನ್ಯಾಸಕರೊಬ್ಬರು ಫೋನಿನಲ್ಲಿ ರೇಗಿದರು. ಪಾಲಿಸುವವರಿಗೆ ಅದು ಒಳ್ಳೆಯದೇ, ನನ್ನ ತಕರಾರಿಲ್ಲ. ಇವಳಿಗೆ ಅದು ಓದದೆಯೇ ಓದಿದಷ್ಟು ಸಮಾಧಾನ ಕೊಡುತ್ತಿತ್ತು. ಮನಸ್ಸು ಬರಲಿ ಅಂತ ಕಾದು ಕೂತವರಿಗೆ ಅದು ಬಂದದ್ದನ್ನು ನಾನಂತೂ ಕಂಡಿಲ್ಲ. ಇಪ್ಪತ್ತು ನಿಮಿಷ ಪುಸ್ತಕ ಹಿಡಿದ ಮೇಲೆ ಬಂದದ್ದನ್ನು ಬೇಕಾದಷ್ಟು ಕಂಡಿದ್ದೇನೆ.

ಅಪ್ಪನದು ಇನ್ನೊಂದು ಆಕ್ಷೇಪ. 2024ರಿಂದ ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಅದನ್ನು ಅವಳೆದುರು ಎತ್ತಬೇಡಿ, ಸಡಿಲ ಬಿಡ್ತಾಳೆ ಎಂದಿದ್ದರು. ಎತ್ತಿದೆ. ಒಂದು ಸಲ ಎಡವಿದರೆ ಎಲ್ಲ ಮುಗಿಯಿತು ಎಂಬ ಹೆದರಿಕೆಯೇ ಅವಳನ್ನು ಪ್ರತಿ ಸೋಮವಾರ ಮೊದಲ ಪುಟಕ್ಕೆ ಅಟ್ಟುತ್ತಿದ್ದಾಗ, ಇನ್ನಷ್ಟು ಹೆದರಿಸಿ ಓದಿಸಲು ನನಗೆ ಒಪ್ಪಿಗೆಯಾಗಲಿಲ್ಲ.

ಫೆಬ್ರವರಿ ಕೊನೆಗೆ ಬಂದಾಗ ಸಾಲುಗಳ ನಡುವೆ ಏಳು ಖಾಲಿ ಜಾಗ ಇದ್ದವು. ಭಾಗ 2ರ ಅಂಚು ಹಿಂದಿನಿಂದ ಕಂದತೊಡಗಿತ್ತು. ಮೊದಲ ಪರೀಕ್ಷೆಯಲ್ಲಿ ಎಲ್ಲವೂ ಪಾಸು. ಗಣಿತದ ಅಂಕ ಸಾಲದೆಂದು ಪರೀಕ್ಷೆ-2 ಬರೆದಳು. "ನೀವು ಬಾಯಿ ಬಿಡದಿದ್ರೆ ಮೊದಲನೇದ್ರಲ್ಲೇ ತೆಗೀತಿದ್ಲು" ಎಂದು ಅಪ್ಪ ಈಗಲೂ ಅನ್ನುತ್ತಾರೆ. ಇರಬಹುದು.