ಅಂಗಡಿಯಲ್ಲಿ ಕಳ್ಳತನ ತಡೆಯಲು ಎಐ ಇರುವ ಎಂಟು ಕ್ಯಾಮೆರಾ ಹಾಕಿಸಬೇಕೆಂದಿದ್ದೇನೆ, ಯಾವುದು ಒಳ್ಳೆಯದು?

ದಾಸ್ತಾನು ಎಣಿಸಿದಾಗಲೆಲ್ಲ ಲೆಕ್ಕ ಕಡಿಮೆ ಬರುತ್ತಿದೆ, ಕೆಲಸಗಾರರ ಮೇಲೆ ಅನುಮಾನವಿದೆ, ಫೋನಿಗೆ ಎಚ್ಚರಿಕೆ ಕಳಿಸುವ ಎಂಟು ಕ್ಯಾಮೆರಾ ಸಾಕೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನು ಇದೇ ಪ್ರಶ್ನೆಯನ್ನು ಕ್ಯಾಮೆರಾ ಮಾರುವವರನ್ನೇ ಕೇಳಿದ್ದೆ. ಅವರು ಸಾಕು ಎಂದರು. ಅವರು ಬೇರೇನು ಹೇಳಿಯಾರು?

ನನ್ನದು ಕೈಉಪಕರಣ, ಬ್ಯಾಟರಿ, ಸ್ವಿಚ್ಚುಗಳಂಥ ಸಣ್ಣ ಸಾಮಾನುಗಳ ಅಂಗಡಿ. ಜೇಬಿಗೆ ಹಾಕಿಕೊಂಡರೆ ಯಾರಿಗೂ ಕಾಣದಂಥ ವಸ್ತುಗಳೇ ಹೆಚ್ಚು. ಎಂಟು ಕ್ಯಾಮೆರಾ, ಒಂದು ರೆಕಾರ್ಡರ್, ಮನುಷ್ಯರನ್ನು ಗುರುತಿಸಿ 'ಇಲ್ಲಿ ಯಾರೋ ಬಹಳ ಹೊತ್ತಿನಿಂದ ನಿಂತಿದ್ದಾರೆ' ಎಂದು ಫೋನಿಗೆ ತಿಳಿಸುವ ತಂತ್ರಾಂಶ, ಇಷ್ಟನ್ನು ಹಾಕಿಸಿದೆ. ಮೊದಲ ವಾರ ದಿನಕ್ಕೆ ಅರವತ್ತು ಎಪ್ಪತ್ತು ಎಚ್ಚರಿಕೆಗಳು ಬಂದವು. ಫ್ಯಾನಿನ ಗಾಳಿಗೆ ಅಲುಗಾಡುವ ಜಾಹೀರಾತಿನ ಹಾಳೆಗೂ ಎಚ್ಚರಿಕೆ, ಸಂಜೆ ಗಾಜಿನ ಬಾಗಿಲಲ್ಲಿ ಮೂಡುವ ನೆರಳಿಗೂ ಎಚ್ಚರಿಕೆ, ಯಾವ ಸ್ಕ್ರೂ ಬೇಕೆಂದು ಯೋಚಿಸುತ್ತ ನಿಂತ ಗಿರಾಕಿಗೂ ಎಚ್ಚರಿಕೆ. ಮೂರನೆಯ ವಾರ ನಾನು ಫೋನಿನಲ್ಲಿ ಅವುಗಳ ಸದ್ದನ್ನು ನಿಲ್ಲಿಸಿದೆ, ನಾಲ್ಕನೆಯ ವಾರದಿಂದ ನೋಡುವುದನ್ನೂ ಬಿಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನನಗೆ ಮುಳುವಾಯಿತು.

ಕೆಲವು ತಿಂಗಳ ಬಳಿಕ ಬಿಲ್ಲಿನ ಪಟ್ಟಿ ತಿರುವಿ ಹಾಕುವಾಗ, ಹಣ ಪಡೆದಿದ್ದ ಒಂದು ಬಿಲ್ಲು ಸಂಜೆ 7:42ಕ್ಕೆ ರದ್ದಾಗಿರುವುದು ಕಣ್ಣಿಗೆ ಬಿತ್ತು. ಸಾಮಾನು ಕೊಟ್ಟು, ಹಣ ಪಡೆದು, ಗಿರಾಕಿ ಹೋದ ಮೇಲೆ ಬಿಲ್ಲು ರದ್ದು ಮಾಡಿ ಹಣ ಜೇಬಿಗಿಳಿಸುವುದು ಗಲ್ಲಾದ ಹಳೆಯ ಕೈಚಳಕ ಎಂಬುದು ನಿಮಗೂ ಗೊತ್ತಿರುತ್ತದೆ. ರೆಕಾರ್ಡರ್ ತೆರೆದು 7:42ಕ್ಕೆ ಹೋದೆ. ಗಲ್ಲಾದ ಮುಂದೆ ಗಿರಾಕಿಗಳಿರಲಿಲ್ಲ. ನಮ್ಮಲ್ಲಿದ್ದ ಇಬ್ಬರು ಕೆಲಸಗಾರರಲ್ಲಿ ಹಿರಿಯರು ಒಬ್ಬರೇ ನಿಂತು, ಡ್ರಾಯರ್ ಎಳೆದು ನೋಟುಗಳನ್ನು ಮುಟ್ಟುತ್ತಿದ್ದರು. ನಾನು ಆ ಎರಡು ನಿಮಿಷದ ತುಣುಕನ್ನು ಬೇರೆಯಾಗಿ ಉಳಿಸಿಕೊಂಡು ಮರುದಿನ ಅವರನ್ನು ಒಳಕ್ಕೆ ಕರೆದು ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಪರದೆಗೆ ಬಾಗಿ ಎರಡು ಸಲ ನೋಡಿದರು. "ಇಲ್ಲಿ ನಾನು ಚಿಲ್ಲರೆ ಎಣಿಸುತ್ತಿದ್ದೇನೆ, ಬಿಲ್ಲಿನ ಯಂತ್ರವನ್ನು ಮುಟ್ಟೇ ಇಲ್ಲವಲ್ಲ" ಎಂದರು. "ಗಂಟೆ ನೋಡಿ" ಎಂದು ನಾನು ಪರದೆಯ ಮೂಲೆಯಲ್ಲಿದ್ದ ಅಂಕಿಗಳಿಗೆ ಬೆರಳಿಟ್ಟೆ. ಅವರು ಮತ್ತೇನೂ ಹೇಳದೆ ಗೋದಾಮಿನ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಅಂದು ನನಗೆ ಅದು ತಪ್ಪೊಪ್ಪಿಗೆಯಂತೆ ಕಂಡಿತ್ತು.

ಆರು ವಾರಗಳ ನಂತರ ಒಬ್ಬ ಗಿರಾಕಿ ಕೊಂಡ ಸಾಮಾನನ್ನು ಹಿಂದಿರುಗಿಸಿದಾಗ ನಾನೇ ಗಲ್ಲಾದಲ್ಲಿ ನಿಂತು ಆ ಬಿಲ್ಲನ್ನು ರದ್ದು ಮಾಡಿದೆ. ಬಿಲ್ಲಿನಲ್ಲಿ ಸಮಯ 6:12. ರಾತ್ರಿ ಬೇರೇನನ್ನೋ ಹುಡುಕುತ್ತ ಅದೇ ಹೊತ್ತಿನ ದೃಶ್ಯ ತೆರೆದರೆ ಗಲ್ಲಾದಲ್ಲಿ ನಾನೇ ಇಲ್ಲ! ಹಿಂದಕ್ಕೆ ಸರಿಸುತ್ತ ಹೋದೆ. ರೆಕಾರ್ಡರಿನ 6:03ರಲ್ಲಿ ನಾನು ಸಿಕ್ಕಿದೆ, ಕೈಯಲ್ಲಿ ಅದೇ ಸಾಮಾನು, ಎದುರಿಗೆ ಅದೇ ಗಿರಾಕಿ. ರೆಕಾರ್ಡರಿನ ಗಡಿಯಾರ ಒಂಬತ್ತು ನಿಮಿಷ ಹಿಂದಿತ್ತು.

ಇದು ಹೇಗಾಯಿತು ಎಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಯಾವ ಮಾರಾಟಗಾರರೂ ಇದನ್ನು ಹೇಳುವುದಿಲ್ಲ. ಇಂಥ ಯಂತ್ರಗಳೊಳಗಿನ ಸ್ಫಟಿಕದ ಗಡಿಯಾರ ಹತ್ತು ಲಕ್ಷಕ್ಕೆ ಮೂವತ್ತು ಪಾಲಿನಷ್ಟು ನಿಧಾನವಾಗಿದ್ದರೂ ದಿನಕ್ಕೆ ಎರಡೂವರೆ ಸೆಕೆಂಡು ಹಿಂದೆ ಬೀಳುತ್ತದೆ. ದಿನಕ್ಕೆ ಎರಡೂವರೆ ಸೆಕೆಂಡನ್ನು ಯಾರು ಗಮನಿಸುತ್ತಾರೆ? ಏಳು ತಿಂಗಳಿಗೆ ಅದೇ ಒಂಬತ್ತು ನಿಮಿಷ. ಇದನ್ನು ಸರಿಪಡಿಸಲೆಂದೇ ಎನ್‌ಟಿಪಿ ಎಂಬ ವ್ಯವಸ್ಥೆ 1985ರಿಂದಲೂ ಇದೆ. ಯಂತ್ರವು ಆಗಾಗ ಜಾಲದ ಸಮಯ ಸರ್ವರನ್ನು ಕೇಳಿ ತನ್ನ ಗಡಿಯಾರವನ್ನು ತಿದ್ದಿಕೊಳ್ಳುತ್ತದೆ. ನಮ್ಮ ಬಿಲ್ಲಿಂಗ್ ಕಂಪ್ಯೂಟರ್ ಹಾಗೆ ತಿದ್ದಿಕೊಳ್ಳುತ್ತಿತ್ತು, ರೆಕಾರ್ಡರ್ ತಿದ್ದಿಕೊಳ್ಳುತ್ತಿರಲಿಲ್ಲ. ಕಾರಣ ವಿಚಿತ್ರವಾಗಿದೆ: ಜೋಡಿಸಿದ ತಂತ್ರಜ್ಞರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದರು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರುಗಳನ್ನು ದೊಡ್ಡ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತ್ತು, ಆ ವರ್ಷದ ಅಕ್ಟೋಬರ್ 21ರಂದು ಅವುಗಳಿಂದಲೇ ನಡೆದ ದಾಳಿಗೆ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅನೇಕರಿಗೆ ತೆರೆಯದೆ ಹೋಗಿದ್ದವು. ಆದ್ದರಿಂದ ತಂತ್ರಜ್ಞರು ಪಾಸ್‌ವರ್ಡ್ ಬದಲಿಸಿ, ಎಚ್ಚರಿಕೆಗಳನ್ನು ಕಳಿಸಲು ಬೇಕಾದ ಒಂದು ದಾರಿಯನ್ನು ಮಾತ್ರ ಬಿಟ್ಟು, ರೆಕಾರ್ಡರಿನಿಂದ ಹೊರಗೆ ಹೋಗುವ ಮಿಕ್ಕೆಲ್ಲ ದಾರಿಗಳನ್ನೂ ರೌಟರಿನಲ್ಲಿ ಮುಚ್ಚಿದ್ದರು. ಸಮಯ ಕೇಳುವ 123ನೆಯ ಪೋರ್ಟ್ ಕೂಡ ಮುಚ್ಚಿದವುಗಳಲ್ಲಿ ಸೇರಿತ್ತು. ಸೆಟ್ಟಿಂಗ್ಸ್ ಪುಟದಲ್ಲಿ 'ಸಮಯ ಹೊಂದಾಣಿಕೆ' ಎಂಬುದರ ಮುಂದೆ ಹಸಿರು ಗುರುತಿತ್ತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಕೊನೆಯ ಬಾರಿ ಯಶಸ್ವಿಯಾದದ್ದು' ಎಂಬ ಸಾಲಿನ ಮುಂದೆ ಏನೂ ಇರಲಿಲ್ಲ. ನಾನು ಗುರುತನ್ನು ನೋಡಿದ್ದೆ, ಖಾಲಿ ಜಾಗವನ್ನು ನೋಡಿರಲಿಲ್ಲ.

ಎಚ್ಚರಿಕೆಗಳ ಸದ್ದು ನಿಲ್ಲಿಸಿದ್ದನ್ನು ಮುಳುವಾಯಿತು ಎಂದದ್ದು ಇದಕ್ಕೇ. ನಾನು ಅವುಗಳನ್ನು ನೋಡುತ್ತಿದ್ದಿದ್ದರೆ, ಈಗ ತಾನೇ ಬಂದ ಎಚ್ಚರಿಕೆಯ ಮೇಲೆ ಐದು ನಿಮಿಷ ಹಿಂದಿನ ಸಮಯ ಏಕಿದೆ ಎಂದು ಎಂದಾದರೂ ಅನುಮಾನ ಬರುತ್ತಿತ್ತು. ಸದ್ದು ನಿಲ್ಲಿಸಿದಾಗ ವ್ಯತ್ಯಾಸ ಒಂದು ನಿಮಿಷವೂ ಆಗಿರಲಿಲ್ಲ.

ಆ ಹಿರಿಯರಿಗೆ ನಾನು ತೋರಿಸಿದ ದೃಶ್ಯ ನಿಜವಾಗಿ 7:49ರ ಆಸುಪಾಸಿನದು. 7:42ರ ಹೊತ್ತಿಗೆ ಗಲ್ಲಾದಲ್ಲಿ ಯಾರಿದ್ದರು, ಬಿಲ್ಲನ್ನು ರದ್ದು ಮಾಡಲು ನ್ಯಾಯವಾದ ಕಾರಣವಿತ್ತೇ, ನನಗೆ ಇಂದಿಗೂ ಗೊತ್ತಿಲ್ಲ. ಆ ಸಂಜೆಯ ಪೂರ್ತಿ ದೃಶ್ಯ ಅಷ್ಟರಲ್ಲಿ ಅಳಿಸಿಹೋಗಿತ್ತು. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ 43 ಗಿಗಾಬೈಟ್, ಎಂಟಕ್ಕೆ ಸುಮಾರು 345. ನನ್ನ 4 ಟೆರಾಬೈಟ್ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದರ ಮೇಲೆಯೇ ಮತ್ತೆ ಬರೆಯುತ್ತಿತ್ತು. ಉಳಿದದ್ದು ನಾನೇ ಉಳಿಸಿದ್ದ ಆ ಎರಡು ನಿಮಿಷದ ತಪ್ಪು ತುಣುಕು ಮಾತ್ರ. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, ಬೇರೆ ಕಡೆ ಕೆಲಸ ಸಿಕ್ಕಿದೆ ಎಂದಷ್ಟೇ ಹೇಳಿದರು.

ಈಗ ನಿಮ್ಮ ಪ್ರಶ್ನೆ. ಯಾವ ಕ್ಯಾಮೆರಾ ಎಂಬ ಪ್ರಶ್ನೆಯೇ ಈ ಹಂತಕ್ಕೆ ತಪ್ಪು ಎಂಬುದು ನನ್ನ ಅಭಿಪ್ರಾಯ. ದಾಸ್ತಾನು ಕಡಿಮೆ ಬಂದರೆ ಅದು ಕಳ್ಳತನವೇ ಎಂದು ನೀವು ಆಗಲೇ ತೀರ್ಮಾನಿಸಿಬಿಟ್ಟಿದ್ದೀರಿ, ನಾನೂ ಹಾಗೆಯೇ ಮಾಡಿದ್ದೆ. ಆ ಘಟನೆಯ ನಂತರ ನಾಚಿಕೆಯಿಂದಲೋ ಹಟದಿಂದಲೋ ಒಂದು ತಿಂಗಳು ಬಂದ ಪ್ರತಿ ಪೆಟ್ಟಿಗೆಯನ್ನೂ ನಾನೇ ಒಡೆದು ಎಣಿಸಿದೆ. ಹನ್ನೆರಡು ಸರಬರಾಜುಗಳಲ್ಲಿ ಮೂರರಲ್ಲಿ ಸರಕುಪಟ್ಟಿಗಿಂತ ಸಾಮಾನು ಕಡಿಮೆ ಇತ್ತು. ನಾವು ಪೆಟ್ಟಿಗೆಯ ಮೇಲಿನ ಚೀಟಿ ನೋಡಿ ಸಹಿ ಹಾಕಿ ಕಳಿಸುತ್ತಿದ್ದೆವು. ನನ್ನ ಎಂಟು ಕ್ಯಾಮೆರಾಗಳಲ್ಲಿ ಒಂದೂ ಸಾಮಾನು ಇಳಿಸುವ ಹಿಂಬಾಗಿಲನ್ನು ನೋಡುತ್ತಿರಲಿಲ್ಲ, ನೋಡಿದ್ದರೂ ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆ ಎಂದು ಅದಕ್ಕೆ ಹೇಗೆ ತಿಳಿಯಬೇಕು?

ಇನ್ನೊಂದು ಸಂಗತಿ, ಇದಕ್ಕೆ ಖರ್ಚೇ ಇಲ್ಲ. ನಮ್ಮ ಇಬ್ಬರು ಕೆಲಸಗಾರರೂ ಬಿಲ್ಲಿಂಗ್ ಯಂತ್ರಕ್ಕೆ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಇದ್ದಿದ್ದರೆ, ಬಿಲ್ಲು ರದ್ದು ಮಾಡುವಾಗ ಕಾರಣ ಬರೆಯಲೇಬೇಕೆಂಬ ನಿಯಮವಿದ್ದಿದ್ದರೆ, ನಾನು ಆ ಸಂಜೆ ದೃಶ್ಯವನ್ನು ಹುಡುಕುವ ಅಗತ್ಯವೇ ಬರುತ್ತಿರಲಿಲ್ಲ.

ಎಐ ವಿಷಯಕ್ಕೆ ಬಂದರೆ, ಅದು ಕಳ್ಳರನ್ನು ಹಿಡಿಯುತ್ತದೆ ಎಂದು ನಂಬಬೇಡಿ. ಒಂದು ಲೆಕ್ಕ ಹಾಕಿ: ದಿನಕ್ಕೆ ಮುನ್ನೂರು ಜನ ಬರುತ್ತಾರೆ, ಮೂವರು ಕದಿಯುತ್ತಾರೆ ಎಂದಿಟ್ಟುಕೊಳ್ಳೋಣ. ತಂತ್ರಾಂಶವು ಆ ಮೂವರನ್ನೂ ಹಿಡಿದು, ಉಳಿದವರಲ್ಲಿ ನೂರಕ್ಕೆ ಐವರನ್ನು ಮಾತ್ರ ತಪ್ಪಾಗಿ ಅನುಮಾನಿಸಿದರೂ ಮೂವರು ಕಳ್ಳರ ಜೊತೆಗೆ ಹದಿನೈದು ಮಂದಿ ನಿರಪರಾಧಿಗಳು ನಿಮ್ಮ ಪರದೆಯ ಮೇಲೆ ಬರುತ್ತಾರೆ. ಮುಖ ಗುರುತಿಸುವ ಸೌಲಭ್ಯವಂತೂ ಬೇಡವೇ ಬೇಡ. ಅಮೆರಿಕದ ರೈಟ್ ಏಡ್ ಔಷಧಿ ಮಳಿಗೆಗಳಲ್ಲಿ ಅಂಥ ವ್ಯವಸ್ಥೆ ಗಿರಾಕಿಗಳನ್ನು ತಪ್ಪಾಗಿ ಕಳ್ಳರೆಂದು ತೋರಿಸಿದ ಕಾರಣಕ್ಕೆ, 2023ರ ಡಿಸೆಂಬರಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆ ಸಂಸ್ಥೆ ಐದು ವರ್ಷ ಕಣ್ಗಾವಲಿಗೆ ಮುಖ ಗುರುತಿಸುವ ತಂತ್ರಜ್ಞಾನ ಬಳಸದಂತೆ ಕ್ರಮ ಕೈಗೊಂಡಿತು. ಎಐ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೇ ಕೆಲಸಕ್ಕೆ: ಮುಚ್ಚಿದ ಅಂಗಡಿಯಲ್ಲಿ ರಾತ್ರಿ ಮನುಷ್ಯರು ಕಂಡರೆ ಮಾತ್ರ ಎಚ್ಚರಿಸುವುದು. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಬಾರದಾದ್ದರಿಂದ ಅದರ ಮಾತಿಗೆ ಬೆಲೆಯಿದೆ.

ಇಷ್ಟಾದ ಮೇಲೂ ಹಾಕಿಸುವುದಾದರೆ ಎಂಟು ಬೇಡ, ಮೂರು ಹಾಕಿಸಿ: ಗಲ್ಲಾದ ನೇರ ಮೇಲೆ ಕೈಗಳು ಮತ್ತು ಬಿಲ್ಲಿನ ಪರದೆ ಕಾಣುವಂತೆ ಒಂದು, ಹಿಂಬಾಗಿಲಿಗೆ ಒಂದು, ಮುಂಬಾಗಿಲಿಗೆ ಒಂದು. ಕ್ಯಾಮೆರಾ ಇರುವುದನ್ನು ಕೆಲಸಗಾರರಿಗೆ ಮೊದಲೇ ಹೇಳಿ. ನೀವು ಎಷ್ಟು ದಿನಕ್ಕೊಮ್ಮೆ ದಾಸ್ತಾನು ಎಣಿಸುತ್ತೀರೋ ಅದಕ್ಕಿಂತ ಹೆಚ್ಚು ದಿನದ ದೃಶ್ಯ ಉಳಿಯುವಷ್ಟು ದೊಡ್ಡ ಡಿಸ್ಕ್ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಎಣಿಸುವವರಿಗೆ ಹನ್ನೊಂದು ದಿನದ ದೃಶ್ಯದಿಂದ ಏನೂ ಪ್ರಯೋಜನವಿಲ್ಲ. ರೆಕಾರ್ಡರಿಗೆ ಹೊರಗಿನ ದಾರಿಗಳನ್ನು ಮುಚ್ಚಿಯೇ ಇಡಿ, ಆದರೆ ಅಂಗಡಿಯ ರೌಟರ್ ಎನ್‌ಟಿಪಿ ಸರ್ವರ್ ಆಗಿ ಕೆಲಸ ಮಾಡಬಲ್ಲದಾದರೆ ಸಮಯವನ್ನು ಅದರಿಂದಲೇ ಕೇಳಿ ತಿಳಿಯುವಂತೆ ಮಾಡಿಸಿ. ನಾನು ಪ್ರತಿ ಸೋಮವಾರ ಬಾಗಿಲು ತೆಗೆದ ಕೂಡಲೇ ಫೋನಿನಲ್ಲಿ ಸೆಕೆಂಡು ತೋರಿಸುವ ಗಡಿಯಾರ ತೆರೆದು ಗಲ್ಲಾದ ಕ್ಯಾಮೆರಾಕ್ಕೆ ಹಿಡಿಯುತ್ತೇನೆ, ಆಮೇಲೆ ಆ ದೃಶ್ಯ ತೆರೆದು ಎರಡೂ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಈ ವಾರ ವ್ಯತ್ಯಾಸ ಒಂದು ಸೆಕೆಂಡು ಇತ್ತು.